ಕಾಲ ಕೆಟ್ಟದ್ದು

ಮೇಜಿನ ಮೇಲೆ ಚೆನ್ನಾಗೇ ಮಾತಾಡಿಕೊಂಡಿದ್ದವು ಎರಡೂ.
ಇದು ಇನ್ನೂರ ನಲವತ್ತು ಅಂದರೆ
ಅದೂ ಇನ್ನೂರ ನಲವತ್ತು ಅನ್ನುತ್ತಿತ್ತು,
ನಡುವೆ ಒಂದು ಗೇಣು ಗಾಳಿ, ಅರ್ಧ ಲೋಟ ಚಹಾ.

ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಒಯ್ದೆ.
ಒಂದನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟೆ,
ಇನ್ನೊಂದನ್ನು ರಸ್ತೆಯಾಚೆ, ತಕ್ಕಡಿಯ ಕೋಣೆಯಲ್ಲಿ,
ರಿಹಾನಾಳ ಲೆಕ್ಕದ ಪುಸ್ತಕದ ಮೇಲೆ.
ಮರಳಿನ ಕಾವನ್ನು ಅಲ್ಲಿ ಕೂತೇ ಓದಬೇಕು, ಅದು ಅವಳ ಆಸೆ.
ಅವಳಪ್ಪ ಚಮನ್‌ಸಾಬರಿಗೆ ಅದರ ದರಕಾರಿಲ್ಲ:
ಚಿಟಿಕೆ ಅಕ್ಕಿ ಎಸೆಯುತ್ತಾರೆ, ಸದ್ದು ಕೇಳುತ್ತಾರೆ, ಸಾಕು.

ಪರದೆಯ ಮೇಲೆ ಬಂದದ್ದು
ನೆತ್ತಿಗೆರಡು ಚುಕ್ಕಿ ಇಟ್ಟುಕೊಂಡ ವೈಗಳು, ಸಾಲಾಗಿ,
ಒಂದು ತಲೆಕೆಳಗಾದ ಪ್ರಶ್ನೆ,
ಯಾವ ಬಾಯಿಗೂ ಸೇರದ ಅಕ್ಷರ.

ತಂತಿ ಬಿಚ್ಚಿದೆ, ಕಟ್ಟಿದೆ.
ಚಿಪ್‌ನ ಬಾಯಿ ರೇಡಿಯೊ ಕಿವಿಗೆ, ರೇಡಿಯೊ ಬಾಯಿ ಚಿಪ್‌ನ ಕಿವಿಗೆ. ಸರಿಯಿದೆ.
ಇಬ್ಬರೂ ನಿಂತ ನೆಲ ಒಂದೇ. ಸರಿಯಿದೆ.
ವೇಗ ಎಲ್ಲ ಕಡೆ ಒಂಬತ್ತು ಸಾವಿರದ ಆರುನೂರು,
ಮಗ್ಗಿಯ ಹಾಗೆ ಮೂರು ಸಲ ಒಪ್ಪಿಸಿದೆ.
ಆಂಟೆನಾ ಬದಲಿಸಿದೆ. ಕೆಪಾಸಿಟರ್ ಬೆಸೆದೆ.
ಭಟ್ಟಿಯ ಹೊಗೆಯನ್ನು ಬೈದೆ,
ಎದುರಿನ ತಗಡಿನ ಮಾಡನ್ನು ಬೈದೆ,
ಕೊನೆಗೆ ಮಾರಿದವನನ್ನು. ಅವನು
ನನ್ನ ಫೋನು ಎತ್ತುವುದನ್ನೇ ಬಿಟ್ಟ.

ಒಂದು ಮಾತ್ರ ಕಣ್ಣಿಗೆ ಬಿದ್ದಿತ್ತು, ಬರೆದಿಟ್ಟಿರಲಿಲ್ಲ:
ನಸುಕಿನಲ್ಲಿ, ಒಲೆ ಹೊತ್ತಿಸುವ ಮುಂಚೆ
ಅಂಕಿಗಳೆಲ್ಲ ಚೊಕ್ಕ.
ಹತ್ತು ಗಂಟೆಗೆ ತೊದಲು.
ಮಧ್ಯಾಹ್ನಕ್ಕೆ ಬರೀ ವೈ.

ನಾಲ್ಕನೇ ದಿನ ಬೆವರಿ, ಗೋಡೆಗೊರಗಿ ಕೂತಿದ್ದೆ.
ಚಮನ್‌ಸಾಬರು ಪೊಟ್ಟಣದಲ್ಲಿ ಬಿಸಿ ಮಂಡಕ್ಕಿ ಕೊಟ್ಟು,
ಹೊಟ್ಟಿನ ರೇಟನ್ನೋ, ಕೆಲಸಕ್ಕೆ ಬಾರದ ಹುಡುಗರನ್ನೋ ನೆನೆದು,
ಅಂದರು:
"ಕಾಲ ಕೆಟ್ಟೈತವ್ವಾ."

ಬಾಯಲ್ಲಿದ್ದ ಮಂಡಕ್ಕಿ ಬಾಯಲ್ಲೇ ಉಳಿಯಿತು.

ಹೌದಲ್ಲ.
ಮಾತು ಕೆಟ್ಟಿಲ್ಲ, ಗಾಳಿ ಕೆಟ್ಟಿಲ್ಲ,
ಒಲೆಬದಿಯ ಈ ಚಿಪ್‌ಗೆ ಕಾಲ ಕೆಟ್ಟಿದೆ.
ಹತ್ತು ರೂಪಾಯಿ ಉಳಿಸಲೆಂದು ಹರಳು ಹಾಕದೆ
ಅದರ ಒಳಗಿನ ಎಣಿಕೆಯನ್ನೇ ನಂಬಿದ್ದೆ ನಾನು.
ಕಾವಿಗೆ ಎಣಿಕೆ ಜಾರುತ್ತದೆ, ಚೂರೇ ಚೂರು,
ನೂರಕ್ಕೆ ಐದೋ ಆರೋ.
ಎಂಟನೆಯ ಗುರುತು ಬರುವ ಹೊತ್ತಿಗೆ
ಕೇಳುವವನು ಪಕ್ಕದ ಮನೆಗೆ ಕಿವಿಯಿಟ್ಟಿರುತ್ತಾನೆ.
ಒಂಬತ್ತು ಸಾವಿರದ ಆರುನೂರು ಅಂತ
ಪಾಪ, ಪ್ರಾಮಾಣಿಕವಾಗೇ ಹೇಳುತ್ತಿತ್ತು ಅದು.
ಅದರ ಸೆಕೆಂಡು ಬೇರೆ, ಅಷ್ಟೆ.

ಹರಳು ಬೆಸೆದೆ. ಡಬ್ಬಿಯನ್ನು ಒಲೆಯಿಂದ ಎರಡು ಮಾರು ಸರಿಸಿದೆ.
ಭರಭರ ಉರಿಯುವ ಮಧ್ಯಾಹ್ನ, ರಸ್ತೆಯಾಚೆಯಿಂದ
ರಿಹಾನಾ ಕೂಗಿದಳು:
"ಇನ್ನೂರ ಐವತ್ತೆಂಟು!"

ಚಮನ್‌ಸಾಬರು ಚಿಟಿಕೆ ಅಕ್ಕಿ ಎಸೆದು
ಕಿವಿ ವಾಲಿಸಿದರು.
"ಅಷ್ಟು ಇನ್ನಾ ಬಂದಿಲ್ಲ. ಎಂಟು ಕಳೀರಿ."

ನಾಳೆ ಸೆನ್ಸರನ್ನು ಬಿಚ್ಚಿ ನೋಡಬೇಕು.