ಎರಡು ಬಡಿತ

ಹೊಡಿ ತಮ್ಮಾ, ಹಾರ್ನ್ ಹೊಡಿ.
ಗಬ್ಬೂರ ಕ್ರಾಸಿನ್ಯಾಗ ಸಂಜಿ ಆರೂವರಿಗೆ
ಎಲ್ಲಾರೂ ಹೊಡೀತಾರ.
ನಾನೂ ಹೊಡೀತಿದ್ದೆ, ಮೀಸಿ ಕರ್ರಗಿದ್ದಾಗ.

ನನ್ನ ಬೆನ್ನ ಮ್ಯಾಲ ಮುನ್ನೂರು ಚೀಲ ಬ್ಯಾಡಗಿ ಮೆಣಸಿನಕಾಯಿ.
ತಾಡಪತ್ರಿ ಎಷ್ಟು ಬಿಗದ್ರೂ ಘಾಟು ಸುಮ್ಮನಿರೂದಿಲ್ಲ.
ಕಾಜು ಏರಿಸ್ಕೋ.
ಅಕಾ, ಬೈಯಾಕ ಬಾಯಿ ತಗದಿ, ಸೀನು ಬಂತು.
ಒಂದು ಗಾಲಿ ಮಣ್ಣಿಗಿ ಇಳಿಸಿ ಇಣುಕಿದಿ ನೋಡು,
ಆವಾಗ ಬಲಗಡೆ ಕನ್ನಡಿಯೊಳಗ ಕಂಡಿ:
ಸಿಟ್ಟಿನ್ಯಾಗ ಸೀನಿದ ಮನಷ್ಯಾ
ಒಂದು ಗಳಿಗಿ ಕೂಸಿನಂಗ ಕಾಣ್ತಾನ.

ಮುಂದ ಹತ್ತು ಮಾರು ಜಾಗಾ ಖಾಲಿ ಐತಿ, ಮುದುಕ ನಿದ್ದಿಗಿ ಬಿದ್ದಾನ
ಅಂತ ನಿನ್ನ ಲೆಕ್ಕ.
ಅದು ಖಾಲಿ ಜಾಗಾ ಅಲ್ಲೋ,
ಅದು ನನ್ನ ಬ್ರೇಕು.
ಲೋಡಿನ ಗಾಡಿ ನಿಲ್ಲಂದ್ರ ನಿಲ್ಲೂದಿಲ್ಲ.
ಮೊದಲು ಕಾಲಿಗೆ ತಿಳೀಬೇಕು,
ಕಾಲು ಗಾಳಿಗೆ ಹೇಳಬೇಕು,
ಗಾಳಿ ಗಾಲಿಗೆ ಹೇಳಬೇಕು,
ಗಾಲಿ ಮುನ್ನೂರು ಚೀಲಕ್ಕ ತಿಳಿಸಿ ಹೇಳಬೇಕು.
ಚೀಲಗೋಳು ಕಡೀಕ ಕೇಳ್ತಾವ.

ಹಾಂ, ಆಟೋದಂವ ನುಗ್ಗಿದ ಆ ಜಾಗಕ್ಕ. ನುಗ್ಗಲಿ.
ಮತ್ತ ಅಷ್ಟ ಬಿಡ್ತೇನಿ.
ಮೋಟೆಬೆನ್ನೂರಿಂದ ಇಲ್ಲೀತನಕ ಒಂಬತ್ತು ಸಲ ಬಿಟ್ಟೇನಿ,
ಎಣಸೂದು ನನಗೊಂದು ಚಟ.
ಬೀಡಿ ಬಿಟ್ಟಮ್ಯಾಲ ಕೈಗೆ ಏನರ ಬೇಕಲ್ಲ.

ನನಗ ಸ್ಟೇರಿಂಗ್ ಕೊಟ್ಟಾಂವ ಹಿರೇಕೆರೂರ ಗುಡದಪ್ಪ.
ಅಂವ ಹೇಳ್ತಿದ್ದ:
ಕ್ಲೀನರ್ ತಗಡಿಗೆ ಎರಡು ಸಲ ಬಡದ್ರ, ಹೋಗು.
ಒಂದು ಸಲ ಬಡದ್ರ, ನಿಲ್ಲು.
ನಾ ಕೇಳಿದೆ, ಏನೂ ಬಡೀಲಿಲ್ಲಂದ್ರ?
ಕಿವಿ ಹಿಂಡಿ ಅಂದ, ಏನೂ ಬಡೀಲಿಲ್ಲಂದ್ರೂ ನಿಲ್ಲು.

ಒಂದ ಸಲ ನಿಲ್ಲಲಿಲ್ಲ.
ಲಕ್ಷ್ಮೇಶ್ವರದಾಗ, ಸಂತಿ ದಿನ.
ಹೋದದ್ದು ಒಂದು ಸೈಕಲ್.
ಸೈಕಲ್ ಅಷ್ಟ. ಹುಡುಗ ಹಾರಿ ಗಟಾರದಾಗ ಬಿದ್ದ, ಉಳದ.
ಹೊಸಾದು ಕೊಡಿಸಿದೆ, ಗಂಟಿ ಹಚ್ಚಿಸಿ ಕೊಟ್ಟೆ.
ವರ್ಷದ ಮ್ಯಾಲ ಅವರ ಮನಿ ಮುಂದ ಹಾದಾಗ
ಸೈಕಲ್ ಗ್ವಾಡಿಗೆ ಆನಿಸಿತ್ತು,
ಗಾಲಿಗಿನ್ನೂ ಅಂಗಡಿ ಕಾಗದ ಸುತ್ತಿತ್ತು.

ಈಗ ಮುಂದಿಂದು ಸರೀತು. ಪೊಲೀಸ ಕೈ ಬೀಸಿದ.
ನಿನ್ನ ಹಾರ್ನಿನ ಹಿಂದ ಇನ್ನೂ ನಲವತ್ತು ಹಾರ್ನ್.
ನಮ್ಮ ದಾವಲ ಕೆಳಗಿಳದಾನ, ಎಡಗಡೆ.
ತಗಡು ಸುಮ್ಮನೈತಿ.
ನನ್ನ ಕಾಲು ಕ್ಲಚ್ಚಿನ ಮ್ಯಾಲ ನಡುಗಲಿಕ್ಕತ್ತೈತಿ,
ವಯಸ್ಸಿಗೋ, ನಿನ್ನ ಹಾರ್ನಿಗೋ, ಹೇಳಾಕಾಗೂದಿಲ್ಲ.

ನಿನಗ ಕಾಣೂದು ನನ್ನ ಹಿಂದಿನ ಹಲಗಿ,
ಅದರ ಮ್ಯಾಲ ಕೆಂಪು ಬಣ್ಣದ ಎರಡು ಗಿಳಿ.
ನನಗ ಕಾಣೂದು ಅರ್ಧಾ ಹುಬ್ಬಳ್ಳಿ,
ಆದ್ರ ನನ್ನ ಬಂಪರ್ ಕೆಳಗಿನ ನಾಕು ಫೂಟು
ನನಗೂ ಕಾಣೂದಿಲ್ಲ.
ಇಷ್ಟು ಎತ್ತರಕ್ಕ ಕುಂತಾಂವಗ ಅದೊಂದು ಶಾಪ.

ಢಪ್.
ಒಂದ ಬಡಿತ.

ಆಮ್ಯಾಲ ಕಂಡಿತು, ಬಂಪರಿನ ಅಂಚಿಂದ
ಮ್ಯಾಲೆದ್ದ ಒಂದು ಸೆರಗು, ಸೆರಗಿನ್ಯಾಗ ಪ್ಯಾರಲಹಣ್ಣು.
ಜಾಮಿನ್ಯಾಗ ಗಾಡಿಗಾಡಿಗೆ ಮಾರಕೊಂತ ಬಂದಾಕಿ,
ಬುಟ್ಟಿ ಮಗಚಿ ಬಿದ್ದು ಆರಸಕೊಂತ ಕುಂತಿದ್ದಳು,
ನನ್ನ ಎಂಜಿನ್ನಿನ ಗುಡುಗಿನ ಕೆಳಗ, ಅಂಗಳದಾಗ ಕುಂತಂಗ.
ನನ್ನ ಕಡೆ ನೋಡಿ ಬೈದಳು.
ಏನಂದ್ಲೋ ಕೇಳಲಿಲ್ಲ, ನಿನ್ನ ಹಾರ್ನ್ ಜೋರಿತ್ತು.
ಬೈಯುವ ಬಾಯಿ ಎಷ್ಟು ಚಂದ, ತಮ್ಮಾ,
ಬೈಯಾಕ ಉಳದಿದ್ರ.

ಢಪ್ ಢಪ್.

ದಾವಲ ಹತ್ತಿದ. ಕೈಯಾಗೊಂದು ಹಣ್ಣು, ಅರ್ಧಾ ಕಚ್ಚಿದ್ದು.
ರೊಕ್ಕಾ ಕೊಟ್ಟಿಯೇನೋ? ಕೊಟ್ಟೆ.
ಸುಳ್ಳ ಹೇಳ್ತಾನ. ನಾಳೆ ತಿರುಗಿ ಬರುವಾಗ ಕೊಟ್ಟರಾತು.

ನೀನೂ ಬಂದಿ, ಬಲಕ್ಕ ಹೊಯ್ಕೊಂಡು,
ಕೈ ಹೊರಗ ಹಾಕಿ ಏನೋ ತೋರಿಸಿ, ಮುಂದ ಹೊಕ್ಕಿ.
ಐವತ್ತು ಮಾರು. ಮತ್ತ ಜಾಮು.
ನಿನ್ನ ಹಿಂದಿನ ಕಾಜಿನ್ಯಾಗ ಒಂದು ಸಣ್ಣ ಕೈ,
ಬೆರಳಿಂದ ಏನೋ ಬರೀತೈತಿ.
ಕೂಸು ಐತೇನು ಗಾಡಿಯಾಗ? ಹೇಳಬಾರದ?

ಹತ್ತನೇದ ಸಲ ಜಾಗಾ ಬಿಟ್ಟೆ.
ಈಗ ನೀ ನಿಂತದ್ದು ನನ್ನ ಬ್ರೇಕಿನೊಳಗ.
ಆರಾಮ ನಿಂದರು.