ಇತರೆ

ಹನ್ನೊಂದು ವರ್ಷ ಶಾರ್ಜಾದಲ್ಲಿ
ನೀರು ತಂದು ಸುರಿದವನು ನಾನು.
ಐದು ಸಾವಿರ ಗ್ಯಾಲನ್ನಿನ ನೀಲಿ ಟ್ಯಾಂಕರು,
ಬೆನ್ನ ಮೇಲೆ ಅರಬ್ಬಿಯಲ್ಲಿ: ಸಿಹಿನೀರು.
ಮೊನ್ನೆ ಆ ಅಕ್ಷರಗಳ ಮೇಲೆ
ಸೂಪರ್ವೈಸರ್ ಕಂದು ಟೇಪು ಅಂಟಿಸಿ ಹೇಳಿದ:
ಇನ್ನು ತರುವುದು ಬೇಡ, ಒಯ್ಯಿ.

ಪೈಪು ಅದೇ. ಪಂಪು ಉಲ್ಟಾ ತಿರುಗುತ್ತದೆ, ಅಷ್ಟೆ.

ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ
ಕೆರೆಗಿಳಿದ ಎಮ್ಮೆಗಳ ಹಾಗೆ
ಕಾರುಗಳ ಬೆನ್ನಷ್ಟೇ ಕಾಣುತ್ತದೆ.
ಒಂದು ಹಾಸಿಗೆ ತೇಲಿ ಬಂತು, ಹಿಂದೆ ಬಿರಿಯಾನಿ ಹಂಡೆಯ ಮುಚ್ಚಳ,
ಆಮೇಲೆ ಒಂಟಿ ಚಪ್ಪಲಿ, ಅದರ ಮೇಲೊಂದು ಜಿರಲೆ
ನೆಮ್ಮದಿಯಾಗಿ ಮೀಸೆ ತಿರುವುತ್ತ.
ಚರಂಡಿ ಎಲ್ಲಿ ಎಂದು ಕೇಳಬೇಡಿ.
ವರ್ಷಕ್ಕೆ ನಾಲ್ಕು ಸಲ ಹನಿಯುವ ಊರಿಗೆ
ಯಾರು ಚರಂಡಿ ತೋಡುತ್ತಾರೆ?

ಗೋದಾಮಿನ ಯಜಮಾನ ಖಲ್ಫಾನ್
ಪಿಕಪ್ಪಿನ ಮೇಲೆ ಕುರ್ಚಿ ಹಾಕಿಸಿಕೊಂಡು
ಬೆರಳು ಮಡಿಸುತ್ತಿದ್ದ:
ಸುಹೈಲ್ ನಕ್ಷತ್ರ ಮೂಡಿದಲ್ಲಿಂದ ಹತ್ತು, ಇಪ್ಪತ್ತು, ನೂರು.
ಅವನಜ್ಜ ಮುತ್ತಿನ ದೋಣಿಯಲ್ಲಿ ಕಲಿತ ಲೆಕ್ಕ.
ಇನ್ನೂರ ನಲವತ್ತಕ್ಕೆ ಬೆರಳು ನಿಂತಿತು.
ಈ ಹೊತ್ತಿಗೆ ಇಂಥದ್ದು ಇರಲಿಲ್ಲ, ಎಂದ.
ನಾನೂ ನನ್ನದನ್ನು ತೆಗೆದೆ:
ಅಶ್ವಿನಿ, ಭರಣಿ, ಕೃತ್ತಿಕೆ.
ಅಶ್ವಿನಿ ಸಸ್ಯನಾಶಿನಿ ಎನ್ನುತ್ತಾರೆ ನಮ್ಮ ಕಡೆ,
ಅದು ಲಾರಿ ಮುಳುಗಿಸಿದ್ದು ಯಾವ ಗಾದೆಯಲ್ಲೂ ಇಲ್ಲ.
ಇಬ್ಬರ ಪಂಚಾಂಗವೂ ಒದ್ದೆ.

ನನ್ನ ಹೆಲ್ಪರ್ ಜರ್ವಲಿ ಸ್ವಾತ್ ಕಣಿವೆಯವನು.
ಸೊಂಟದ ತನಕ ನೀರಲ್ಲಿ ನಿಂತು ಪೈಪು ಹಿಡಿದಿದ್ದಾನೆ,
ಕಿವಿಗೂ ಹೆಗಲಿಗೂ ನಡುವೆ ಫೋನು.
ಅವನೂರಲ್ಲಿ ಜನವರಿಯಿಡೀ ಬೆಟ್ಟ ಬೋಳು.
ಹಿಮ ಬಂದದ್ದು ಪೀಚ್ ಗಿಡ ಹೂಬಿಟ್ಟ ಮೇಲೆ,
ಎರಡು ರಾತ್ರಿ. ಮೂರನೆಯ ರಾತ್ರಿ
ಹಿಮದ ಮೇಲೇ ಮಳೆ.
ಹಿಮ ಅಂದರೆ ಕಂತಿನ ನೀರು, ಉಸ್ತಾದ್,
ಜೂನ್ ತನಕ ದಿನಾ ಇಷ್ಟಿಷ್ಟು ಬರಬೇಕು.
ಈ ಸಲ ಪೂರ್ತಿ ಒಂದೇ ದಿನ ಕೈಗೆ ಕೊಟ್ಟ.
ಕೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ?

ಯಾಕೆ ಹೀಗೆ ಅಂದರೆ ನನಗೇನು ಗೊತ್ತು?
ಗೊತ್ತಿರುವುದು ಟ್ಯಾಂಕರು. ಗಾಳಿಯೂ ಅದೇ, ಎಂದೆ.
ಬಿಸಿಯಾದಷ್ಟೂ ಅದರ ಹೊಟ್ಟೆ ಹಿಗ್ಗುತ್ತದೆ.
ನಮ್ಮೀ ಕಡಲು ಬಚ್ಚಲ ಹಂಡೆಯಷ್ಟು ಕಾದಿದೆ,
ಹತ್ತು ಊರಿನ ಲೋಡು ಒಂದೇ ಸಲ ತುಂಬಿಕೊಂಡು
ವಿಳಾಸ ಮರೆತು ಅಲೆಯುತ್ತದೆ.
ಎಲ್ಲೋ ವಾಲ್ವು ಜಾರುತ್ತದೆ.
ಉಳಿದ ಒಂಬತ್ತು ಊರು ಬಿಂದಿಗೆ ಹಿಡಿದು ನಿಂತಿರುತ್ತವೆ.

ಕಪ್ಪು ಹೊಗೆ ಬಿಡುತ್ತಿದ್ದ ನಮ್ಮ ಡೀಸೆಲ್ ಪಂಪು
ನಡುವೆ ಒಮ್ಮೆ ಕೆಮ್ಮಿತು.
ಇಬ್ಬರೂ ಅದರತ್ತ ನೋಡಿದೆವು.
ಮಾತಾಡಲಿಲ್ಲ.

ಮೂರನೇ ಮಹಡಿಯ ಮಾರಿಸೆಲ್
ಹಗ್ಗ ಕಟ್ಟಿ ಬಕೆಟ್ ಇಳಿಬಿಟ್ಟಳು:
ಭಾಯ್, ಕುಡಿಯೋಕೆ ನೀರಿದೆಯಾ?
ಬೀದಿ ತುಂಬ ನೀರು, ಅವಳ ನಲ್ಲಿಯಲ್ಲಿ ಗಾಳಿ;
ಮೋಟಾರು ನೆಲಮಾಳಿಗೆಯಲ್ಲಿ ಮುಳುಗಿದೆ.
ಸೀಟಿನ ಹಿಂದಿದ್ದ ನನ್ನೆರಡು ಬಾಟಲಿ ಹಾಕಿದೆ.
ಬಕೆಟ್ ಏರುವಾಗ ಗೋಡೆಗೆ ತಾಗಿ ತಾಗಿ
ಮೇಲೆ ಹೋಯಿತು. ಟೇಪಿನ ಅಂಚು ಬಿಟ್ಟುಕೊಂಡು
ಹಿಂದುಗಡೆ ಅರ್ಧ ಅಕ್ಷರ ಕಾಣುತ್ತಿತ್ತು.

ರಾತ್ರಿ ಊರಾಚೆ ದಿಬ್ಬದ ಹತ್ತಿರ ಖಾಲಿ ಮಾಡಿದೆವು.
ಮರಳು ಗಟಗಟ ಕುಡಿದೀತು ಎಂದುಕೊಂಡಿದ್ದೆ. ಇಲ್ಲ,
ಗುರುತಿಲ್ಲದವರ ಮನೆ ಬಾಗಿಲಲ್ಲಿ ನಿಂತ ಹಾಗೆ
ನೀರು ಬಹಳ ಹೊತ್ತು ಹೊರಗೇ ನಿಂತಿತ್ತು.

ಟ್ರಿಪ್ ಶೀಟು ತುಂಬಬೇಕು.
ನೀರಿನ ಬಗೆ: ಸಿಹಿ, ಉಪ್ಪು, ಕೊಳಚೆ, ಇತರೆ.
ಮಳೆ ಅಂತ ಇಲ್ಲವಾ, ಜರ್ವಲಿ ಬಗ್ಗಿ ನೋಡಿದ.
ಇತರೆಯ ಮುಂದೆ ಗೀಟು ಹಾಕಿದೆ.
ಕಾಗದ ನೆನೆದಿತ್ತು, ಪೆನ್ನು ಹಿಡಿಯಲಿಲ್ಲ,
ಎರಡು ಸಲ ಒತ್ತಿ ಬರೆಯಬೇಕಾಯಿತು.