ಸೊನ್ನೆಯಲ್ಲ

ಮೊದಲ ಪ್ರತಿ ಬಂದದ್ದು ಬೆಳಗ್ಗೆ ಆರೂ ನಲವತ್ತಕ್ಕೆ,
ಬಸ್ ಕಂಡಕ್ಟರುಗಳ ಗುಂಪಿನಿಂದ.
‘ಹೊಸೂರಲ್ಲಿ ಮಂಗನ ಕಾಯಿಲೆ. ಮೂವರು ಸತ್ತರು. ಸರ್ಕಾರ ಮುಚಿಟ್ಟಿದೆ.
ಆಸ್ಪತ್ರೆಯವರು ಕೊಡುವ ಎಣ್ಣೆ ಹಚ್ಚಬೇಡಿ. ಹತ್ತು ಜನಕ್ಕೆ ಕಳಿಸಿ.’
ಕೆಳಗೊಂದು ಪಟ: ಸತ್ತ ಮಂಗಗಳ ರಾಶಿ.

ನಾನು ಸಾಗರದ ಆರೋಗ್ಯ ಕಚೇರಿಯಲ್ಲಿ, ಗುತ್ತಿಗೆಯ ಮೇಲೆ,
ಸತ್ತ ಮಂಗಗಳ ಲೆಕ್ಕ ಬರೆಯುವವಳು.
ಯಾವ ದಿನ, ಯಾವ ಊರು, ಯಾವ ಮರದ ಕೆಳಗೆ,
ಕಂಡವರು ಯಾರು, ಮೂತಿ ಕಪ್ಪೋ ಕೆಂಪೋ,
ಮಾದರಿ ಹೋಯಿತೋ, ಉತ್ತರ ಬಂತೋ.
ಮನುಷ್ಯರದ್ದು ಇನ್ನೊಂದು ಹಾಳೆ.
ಒಂದು ಸಾವಿಗೆ ಒಂದು ಸಾಲು, ಸಾಲಿಗೆ ಹನ್ನೊಂದು ಮನೆ,
ಚೌಕಾಬಾರದ ಹಾಗೆ. ಕವಡೆ ಮಾತ್ರ ನನ್ನ ಕೈಯಲ್ಲಿಲ್ಲ.

ಮಧ್ಯಾಹ್ನದೊಳಗೆ ಹದಿನೇಳು ಪ್ರತಿ.
ಕಂಡಕ್ಟರುಗಳಿಂದ ಹಾಲಿನ ಡೈರಿಗೆ, ಡೈರಿಯಿಂದ ಸ್ವಸಹಾಯ ಸಂಘಕ್ಕೆ,
ಅಲ್ಲಿಂದ ಶಾಲೆಯ ಎಸ್‌ಡಿಎಂಸಿಗೆ, ಆಮೇಲೆ ಎಲ್ಲ ಕಡೆಗೆ.
ಪಕ್ಕಪಕ್ಕ ಇಟ್ಟು ನೋಡಿದೆ,
ಅಕ್ಕಿಯಲ್ಲಿ ಕಲ್ಲು ಆರಿಸುವ ನಿಧಾನದಲ್ಲಿ.
‘ಮುಚಿಟ್ಟಿದೆ’: ಚಕಾರದಡಿ ಬಿದ್ದುಹೋದ ಒತ್ತು
ಹದಿನೇಳರಲ್ಲೂ ಬಿದ್ದೇ ಇತ್ತು.
ಹದಿನೇಳು ಬಾಯಿ, ನಾಲಿಗೆ ಒಂದೇ.

ಹೊಸೂರು ಎಂದರೆ ಯಾವ ಹೊಸೂರು?
ನನ್ನ ಪಟ್ಟಿಯಲ್ಲೇ ನಾಲ್ಕಿವೆ:
ಮೇಲಿನದು, ಕೆಳಗಿನದು, ಹಿನ್ನೀರಿನಾಚೆಯದು.
ನಾಲ್ಕನೆಯದು ಬರೀ ಹೆಸರು. ಊರು ನೀರಿನಡಿ ಹೋಗಿ ಅರವತ್ತು ವರ್ಷ,
ಅಳಿಸಿ ಎಂದು ಯಾರೂ ಆದೇಶ ಕೊಟ್ಟಿಲ್ಲ.

ಪಟದಲ್ಲಿ ಮಣ್ಣು ಕಪ್ಪು, ಎರೆ. ಹಿಂದೆ ಜಾಲಿ ಮರ.
ನಮ್ಮಲ್ಲಿ ಮಂಗ ಸತ್ತು ಬೀಳುವುದು ಜಂಬಿಟ್ಟಿಗೆ ನೆಲದ ದರಗಿನ ಮೇಲೆ,
ಒಂದೊಂದಾಗಿ. ರಾಶಿ ಬೀಳುವುದಿಲ್ಲ.
ಹುಡುಕಿದರೆ ಅದೇ ಪಟ, ಆರು ವರ್ಷದ ಹಿಂದಿನದು,
ಯಾವುದೋ ಬಯಲು ಜಿಲ್ಲೆಯದು. ವಿಷ ತಿಂದು ಸತ್ತವು.
ಎರಡನೇ ಸಲ ಸಾಯಲು ಇಲ್ಲಿಗೆ ಬಂದಿದ್ದವು, ಪಾಪ.

ಮೂವರು? ನನ್ನ ಹಾಳೆಯಲ್ಲಿ ಇಬ್ಬರು,
ಇಬ್ಬರೂ ಹೊಸೂರಿನವರಲ್ಲ, ಯಾವ ಹೊಸೂರಿನವರೂ ಅಲ್ಲ.
ಎಣ್ಣೆ? ದಿನಾ ಹಚ್ಚಿಕೊಂಡು ಕಾಡಿಗೆ ಹೋಗುವ ತೇಜಪ್ಪನ ಕೈಕಾಲು
ಎಂಟು ವರ್ಷದಿಂದ ನನ್ನ ಕಣ್ಣೆದುರೇ ಇವೆ.
ಅಡ್ಡಡ್ಡ ಬರೆದೆ, ಕೆಂಪಕ್ಷರದಲ್ಲಿ: ಸುಳ್ಳು.
ಕಳಿಸುವ ಮುಂಚೆ ಒಂದು ಚಹಾ ತರಿಸಿದೆ,
ಗೆದ್ದವರ ಗತ್ತಿನಲ್ಲಿ.

ತೇಜಪ್ಪ ಬಂದ. ಬಿಳಿ ಫ್ಲಾನೆಲ್ ಬಟ್ಟೆಯನ್ನು
ಕಾಡಿನ ನೆಲದ ಮೇಲೆ ಎಳೆದು
ಅಂಟಿದ ಉಣುಗು ಹೆಕ್ಕಿ ಶೀಶೆಗೆ ಹಾಕುವುದು ಅವನ ಕೆಲಸ.
ನನ್ನ ಫೋನು ನೋಡಿದ. ಹೆಗಲ ಬಟ್ಟೆ ಇಳಿಸಲಿಲ್ಲ.
‘ನಸೀಮಾ ಮೇಡಂ, ಮೇಲಿನ ಹೊಸೂರಿನ ಗುತ್ಯಮ್ಮ
ಹೋದ ತಿಂಗಳು ಹೋದ್ಲಲ್ಲ, ದರಗು ಗುಡಿಸಕ್ಕೆ ಹೋಗ್ತಿದ್ದೋಳು.
ಒಂಬತ್ತು ದಿನ ಜ್ವರ. ಅವಳನ್ನ ಎಲ್ಲಿ ಬರ್ಕಂಡೀರಿ?’

ಎಲ್ಲಿಯೂ ಬರೆದಿರಲಿಲ್ಲ.
ರಕ್ತ ತೆಗೆಯದವರಿಗೆ ನನ್ನಲ್ಲಿ ಸಾಲಿಲ್ಲ.
ಚಹಾದ ಮೇಲೆ ಕೆನೆ ಕಟ್ಟಿತು.
ಹುಡುಕಿದ್ದೆಲ್ಲ ಸರಿಯಾಗಿಯೇ ಹುಡುಕಿದ್ದೆ,
ಹುಡುಕಿದ ಅಂಗಳ ಚಿಕ್ಕದಿತ್ತು.

ಅಳಿಸಿದೆ. ಮತ್ತೆ ಬರೆದೆ, ತುಂಡು ತುಂಡಾಗಿ.
ಪಟ ಇಲ್ಲಿಯದಲ್ಲ.
ಎಣ್ಣೆಯ ಮಾತು ಸುಳ್ಳು. ಹಚ್ಚಿಕೊಳ್ಳಿ,
ಕಾಡಿನಿಂದ ಬಂದವರು ಸೋಪು ಬಿಸಿನೀರಲ್ಲಿ ಸ್ನಾನ ಮಾಡಿ.
ಮುಚ್ಚಿಟ್ಟವರು ಯಾರೂ ಇಲ್ಲ. ತೆರೆದು ನೋಡಿದವರೂ ಇಲ್ಲ.
ಮೂವರೋ ಇಬ್ಬರೋ, ಗೊತ್ತಿಲ್ಲ.

ಬೆರಳು ಅಲ್ಲೇ ನಿಂತಿತು.
‘ಗೊತ್ತಿಲ್ಲ’ ಎಂಬುದನ್ನು ಹತ್ತು ಜನಕ್ಕೆ ಕಳಿಸಿದವರನ್ನು
ನಾನಂತೂ ಕಂಡಿಲ್ಲ.
ಕಳಿಸಿದೆ.

ಹಾಳೆ ತೆರೆದು ಹೊಸ ಸಾಲು ಹಾಕಿದೆ.
ಗುತ್ಯಮ್ಮ. ಐವತ್ತೆರಡು, ತೇಜಪ್ಪನ ಅಂದಾಜು.
ಊರು: ಹೊಸೂರು, ಮೇಲಿನದು.
ಮಾದರಿ ಎಂಬ ಮನೆಗೆ ಬಂದಾಗ
ಕಂಪ್ಯೂಟರ್ ಕೇಳಿತು, ಸೊನ್ನೆ ತುಂಬಲೇ?
ಬೇಡ ಅಂದೆ.
ಸೊನ್ನೆ ಅಂದರೆ ಹೋಗಿ ನೋಡಿ ಬಂದೆವು, ಇರಲಿಲ್ಲ ಅಂತ.
ಖಾಲಿ ಅಂದರೆ ಯಾರೂ ಹೋಗಲಿಲ್ಲ ಅಂತ.

ಐದೂ ಕಾಲಿಗೆ ಹದಿನೆಂಟನೆಯದು ಬಂತು, ನನ್ನ ಖಾಲಾ ಕಳಿಸಿದ್ದು.
ಅದೇ ಪಟ, ಅದೇ ಮೂವರು, ಅದೇ ಹೊಸೂರು.
ಒತ್ತನ್ನು ಮಾತ್ರ ಯಾರೋ ಸರಿಪಡಿಸಿದ್ದರು.